ಗಿರಣಿಯ ಕಾಟಾ ಸರಿಯಾಗಿತ್ತು

ದಾನಿಯ ಕಾಯಿಲೆ ಶುರುವಾದಾಗ ನಾವು ಪೇಡೆ ಹಂಚಿದೆವು.

ನಗಬೇಡಿ, ನಿಜವಾಗಿಯೂ ಹಂಚಿದೆವು. ಓಣಿಯ ಒಂದು ಮನೆಯನ್ನೂ ಬಿಡಲಿಲ್ಲ. ಡಬ್ಬಿ ಹಿಡಿದು ಹೋದವಳು ನಾನೇ. ಹುಡುಗಿಯ ತೂಕ ಇಳಿದಿದೆ, ಐವತ್ಮೂರು ಕಿಲೋದ ಗುಂಪಿನಲ್ಲಿ ಆಡುತ್ತಾಳೆ, ಬಾಯಿ ಸಿಹಿ ಮಾಡಿಕೊಳ್ಳಿ ಎಂದು ಹೇಳಿ ಬಂದೆ.

ದಾನಿ ಎಂದರೆ ದಾನೇಶ್ವರಿ, ನನ್ನ ಗಂಡನ ತಂಗಿ. ಹತ್ತೊಂಬತ್ತು ವರ್ಷ. ಕುಸ್ತಿ ಆಡುತ್ತಾಳೆ. ಜಿಲ್ಲೆಯಲ್ಲಿ ಗೆದ್ದು ರಾಜ್ಯದ ಆಯ್ಕೆಗೆ ಹೋಗುವವಳಿದ್ದಳು. ನನ್ನನ್ನು ವೈನಿ ಎನ್ನುತ್ತಾಳೆ. ಅತ್ತಿಗೆ ಎನ್ನುವ ಮಾತು ನಮ್ಮ ಈ ಊರು ಉಮದಿಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ನಾನು ಇಂಡಿ ಕಡೆಯವಳು, ರಾಜ್ಯದ ಗಡಿ ದಾಟಿ ಬಂದ ಸೊಸೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು ಮತ್ತು ದಾನಿ. ಮನೆಗೆ ಅಂಟಿಕೊಂಡೇ ನಮ್ಮ ಹಿಟ್ಟಿನ ಗಿರಣಿ. ಜೋಳ ಗೋಧಿಯ ಚೀಲ ತೂಗುವ ದೊಡ್ಡ ಕಾಟಾ ಅಲ್ಲಿದೆ. ದಾನಿಯೂ ಅದರ ಮೇಲೆಯೇ ನಿಂತು ತೂಕ ನೋಡಿಕೊಳ್ಳುತ್ತಾಳೆ.

ಕುಸ್ತಿಯ ಮನೆಯಲ್ಲಿ ಇರದವರಿಗೆ ತೂಕದ ಸಂಕಟ ತಿಳಿಯುವುದಿಲ್ಲ. ಪಂದ್ಯದ ಮುಂಜಾನೆ ಎಲ್ಲರನ್ನೂ ಕಾಟಾ ಹತ್ತಿಸುತ್ತಾರೆ. ಚೂರು ಹೆಚ್ಚಿದ್ದರೂ ಮನೆಗೆ ಹೋಗು ಎನ್ನುತ್ತಾರೆ, ವರ್ಷದ ಬೆವರು ಅಷ್ಟಕ್ಕೇ ಮಣ್ಣುಪಾಲು. ದಾನಿಯದು ಸುಮ್ಮನೆ ಬಿಟ್ಟರೆ ಐವತ್ತೇಳರ ಹತ್ತಿರ ನಿಲ್ಲುವ ಮೈ. ಹಿಂದೆಲ್ಲ ಅವಳು ಉರಿಬಿಸಿಲಲ್ಲಿ ರೇನ್‌ಕೋಟ್ ಹಾಕಿಕೊಂಡು ಓಡಿದ್ದಾಳೆ. ಅರ್ಧ ರೊಟ್ಟಿ ತಿಂದು ಎದ್ದಿದ್ದಾಳೆ. ನೀರು ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಉಗುಳಿದ್ದಾಳೆ. ಆ ದಿನಗಳಲ್ಲಿ ಅವಳ ಸಿಟ್ಟಿಗೆ ಹೆದರಿ ನಾವು ಅವಳ ಕಣ್ಣೆದುರು ಉಣ್ಣುತ್ತಲೂ ಇರಲಿಲ್ಲ.

ಈ ಸಲ ಹಾಗಾಗಲಿಲ್ಲ. ಹೊಟ್ಟೆ ತುಂಬ ಉಂಡಳು. ರೊಟ್ಟಿಯ ಮೇಲೆ ರೊಟ್ಟಿ. ತೂಕ ತಾನಾಗಿಯೇ ಇಳಿಯಿತು.

ತಾಲೀಮಿನ ಗರಡಿಯಲ್ಲಿ ಅವಳಿಗೆ ಕುಸ್ತಿ ಕಲಿಸುವ ವಸ್ತಾದರು ನಮ್ಮ ಕಟ್ಟೆಯ ಮೇಲೆ ಕೂತು ಮೀಸೆ ತಿರುವಿದರು. “ಮೈ ಈಗ ಪಕ್ಕಾ ಆಗೇತ್ರಿ. ತಿಂದದ್ದೆಲ್ಲಾ ಕರಗಸಾಕತ್ತೈತಿ. ಈ ಸಲ ದಾನೀನ್ ಹಿಡಿಯವ್ರ ಯಾರೂ ಇಲ್ಲ.”

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಯಾವ ಮನೆಯ ಪೈಲವಾನ ದೊಡ್ಡ ಪಂದ್ಯಕ್ಕೆ ಹೊರಟರೂ ಅವನ ಖುರಾಕಿನ, ಎಂದರೆ ಕುಸ್ತಿಯ ಆಹಾರದ, ಭಾರ ಆ ಮನೆಯೊಂದರದೇ ಅಲ್ಲ. ಎಮ್ಮೆ ಕಟ್ಟಿದ ಮನೆಗಳೆಲ್ಲ ಸರದಿಯ ಮೇಲೆ ಒಂದೊಂದು ತಂಬಿಗೆ ಹಾಲು ಕೊಡಬೇಕು. ಬಾದಾಮಿ ಅರೆದು, ಕಲ್ಲುಸಕ್ಕರೆ ಕದಡಿ ತರುತ್ತಾರೆ. ತಂದವರು ಅವನು ಕುಡಿದು ಮುಗಿಸುವ ತನಕ ನಿಂತು ನೋಡಿಯೇ ಹೋಗುವುದು. ಹುಡುಗಿಯೊಬ್ಬಳಿಗೆ ಹೀಗೆ ಹಾಲು ಬಂದದ್ದು ಇದೇ ಮೊದಲು. ಅತ್ತೆಯ ಕಾಲು ನೆಲದ ಮೇಲೆ ಇರಲಿಲ್ಲ.

ದಾನಿ ಗಟಗಟ ಕುಡಿಯುತ್ತಿದ್ದಳು. ಹಾಲಿನ ಮೇಲೆ ಕೊಡದ ನೀರು. ನೀರಿನ ಮೇಲೆ ಕಬ್ಬಿನ ಹಾಲು. ಅದರ ಮೇಲೆ ಗ್ಲುಕೋಸ್ ಪುಡಿ ಕದಡಿದ ಶರಬತ್ತು. “ಅಯ್ಯ, ಎಷ್ಟ್ ಹೊಟ್ಟಿ ಅದಾವ ಇಕಿಗೆ! ಒಂದ ಇಲ್ಲ, ನಾಕ್ ಅದಾವು” ಎಂದು ಹಾಲು ತಂದ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮೇಲಿಂದ ಮೇಲೆ ಬಚ್ಚಲಿಗೆ ಹೋಗುತ್ತಿದ್ದಳು. ಅಷ್ಟು ಕುಡಿದರೆ ಹೋಗದೆ ಏನು ಮಾಡುತ್ತಾಳೆ ಎಂದುಕೊಂಡೆ. ಕೆನ್ನೆ ಒಳಗೆ ಹೋಯಿತು. ತಾಲೀಮು ಜೋರಾಗಿದೆ ಎಂದುಕೊಂಡೆ. ಕಣ್ಣು ಮಂಜಾಗುತ್ತದೆ ಎಂದಳು. ಮೊಬೈಲ್ ನೋಡುವುದು ಬಿಡು ಎಂದು ಬೈದೆ. ಪ್ರತಿಯೊಂದಕ್ಕೂ ನಮ್ಮ ಹತ್ತಿರ ಉತ್ತರ ಇತ್ತು. ಇಷ್ಟು ಉತ್ತರ ಇದ್ದ ಮನೆಯಲ್ಲಿ ಯಾರೂ ಡಾಕ್ಟರರನ್ನು ಕೇಳಲಿಲ್ಲ.

ತೂಕ ಐವತ್ಮೂರಕ್ಕೆ ನಿಲ್ಲಲಿಲ್ಲ. ಇಳಿಯುತ್ತಲೇ ಹೋಯಿತು.

ನನ್ನ ಗಂಡ ಗಿರಣಿಯವರು. ಅವರಿಗೆ ಮೊದಲು ಬಂದ ಅನುಮಾನ ತಂಗಿಯ ಮೇಲಲ್ಲ, ಕಾಟಾದ ಮೇಲೆ. ಒಂದು ಮಧ್ಯಾಹ್ನ ದಾನಿ ಅದರ ಮೇಲೆ ನಿಂತಳು, ನಲವತ್ತೊಂಬತ್ತು ತೋರಿಸಿತು. ಅವಳು ಇಳಿದು ಹೋದ ಮೇಲೆ ಇವರು ಗಿರಣಿ ಬಂದ್ ಮಾಡಿದರು. “ಕಾಟಾ ಕೆಟ್ಟೈತಿ. ಕಮ್ಮಿ ತೋರಿಸಾಕತ್ತೈತಿ. ನಾಳೆ ಮಂದಿ ನನ್ನ ಕಳ್ಳ ಅಂತಾರ” ಎಂದು ಗೊಣಗುತ್ತ ಒಳಗಿನಿಂದ ಕಬ್ಬಿಣದ ತೂಕದ ಕಲ್ಲುಗಳನ್ನು ಹೊತ್ತು ತಂದರು. ಒಂದೊಂದಾಗಿ ಇಟ್ಟು ನೋಡಿದರು. ಎಲ್ಲ ಸೇರಿಸಿ ಇಟ್ಟರು. ತಾವೇ ಹತ್ತಿದರು. ಆಮೇಲೆ ನನ್ನನ್ನು ಕರೆದು ಹತ್ತಿಸಿದರು. ನನ್ನ ತೂಕ ಇಲ್ಲಿ ಬರೆಯುವುದಿಲ್ಲ. ಅದೂ ಸರಿಯಾಗಿಯೇ ಇತ್ತು, ಬೇಕಾದ್ದಕ್ಕಿಂತ ಹೆಚ್ಚು ಸರಿಯಾಗಿತ್ತು.

ಇವರು ಚೀಲದ ಮೇಲೆ ಕುಸಿದು ಕೂತರು. ಮುಖದ ತುಂಬ ಹಿಟ್ಟು.

“ಕಾಟಾ ಸರಿ ಐತಿ.”

ಕಾಟಾ ಕೆಟ್ಟಿರಲಿ ಎಂದು ನಾನು ಅಷ್ಟು ಹೊತ್ತೂ ಗುಡ್ಡಾಪುರದ ದಾನಮ್ಮ ದೇವಿಯನ್ನು ಬೇಡಿಕೊಳ್ಳುತ್ತಿದ್ದೆ ಎಂದರೆ ನೀವು ನಂಬಬೇಕು.

ಡಾಕ್ಟರರ ಹತ್ತಿರ ಹೋಗೋಣ ಎಂದರೆ ದಾನಿ ಒಪ್ಪಲಿಲ್ಲ. ಆಯ್ಕೆ ಹತ್ತಿರ ಬಂದಿತ್ತು. “ಒಂದ್ ಸೂಜಿ ಹಾಕಿ, ಒಂದ್ ವಾರ ಮಲ್ಕೋ ಅಂತಾರ. ಆಮ್ಯಾಲೆ ನನ್ನ ಕುಸ್ತಿ ನೀವ್ ಆಡ್ತೀರೇನ್ ವೈನಿ?” ಎಂದಳು. ಹೇಳಿದ ರೀತಿಗೆ ನನಗೆ ನಗು ಬಂತು. ನಾಳೆ ನೋಡೋಣ ಎಂದೆವು.

ಮರುದಿನ ಮುಂಜಾನೆ ಅವಳು ತಾಲೀಮಿಗೆ ಏಳಲಿಲ್ಲ. ಹೊಟ್ಟೆ ನೋವು ಎಂದಳು, ವಾಂತಿ ಮಾಡಿದಳು. ಮುಖ ಒರೆಸಲು ಬಗ್ಗಿದೆ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು, ಆದರೆ ಮಲಗಿದ್ದಳು. ಮಲಗಿದವರು ಹಾಗೆ ಉಸಿರು ಬಿಡುವುದನ್ನು ನಾನು ಎಂದೂ ನೋಡಿರಲಿಲ್ಲ. “ದಾನಿ, ದಾನಿ” ಎಂದರೆ ಕಣ್ಣು ತೆರೆದು ಮತ್ತೆ ಮುಚ್ಚುತ್ತಿದ್ದಳು.

ಊರಿನ ಡಾಕ್ಟರರು ಬೆರಳು ಚುಚ್ಚಿ ಸಣ್ಣ ಮೀಟರಿಗೆ ರಕ್ತ ಮುಟ್ಟಿಸಿದರು. ಅದರಲ್ಲಿ ಸಂಖ್ಯೆ ಬರಲಿಲ್ಲ. ಬೇರೆ ಬೆರಳು ಚುಚ್ಚಿದರು. ಆಗಲೂ ಬರಲಿಲ್ಲ.

“ಶುಗರ್ ಮೀಟರಿಗೆ ಸಿಗದಷ್ಟು ಏರೇತಿ. ಇಲ್ಲಿ ಕುಂದ್ರಬ್ಯಾಡ್ರಿ. ವಿಜಯಪುರಕ್ಕ ನಡೀರಿ. ಲಗೂನ” ಎಂದರು.

ಶುಗರ್? ಹತ್ತೊಂಬತ್ತರ ಹುಡುಗಿಗೆ? ಕುಸ್ತಿ ಆಡುವ ಹುಡುಗಿಗೆ? ಸಕ್ಕರೆ ಕಾಯಿಲೆ ಅಂದರೆ ದಪ್ಪ ಹೊಟ್ಟೆಯ ಮುದುಕರಿಗೆ, ಕೂತು ಉಣ್ಣುವ ಸಾಹುಕಾರರಿಗೆ ಬರುವುದು ಎಂದು ನಾನು ತಿಳಿದಿದ್ದೆ. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲೆ. ಗಾಡಿ ಕುಲುಕಿದಾಗೊಮ್ಮೆ ಅವಳ ಮೂಗಿನ ಹತ್ತಿರ ಕೈ ಹಿಡಿಯುತ್ತಿದ್ದೆ. ಉಸಿರು ತಾಗುತ್ತಿತ್ತು. ಮತ್ತೆ ಹಿಡಿಯುತ್ತಿದ್ದೆ. ಅತ್ತೆ ಮುಂದೆ ಕೂತು “ಯಾರ ಕಣ್ಣು ಬಿತ್ತವ್ವಾ ನನ್ನ ಕೂಸಿಗೆ” ಎಂದು ಒಂದೇ ಸಮನೆ ಅಳುತ್ತಿದ್ದರು. ಸುಮ್ಮನಿರಿ ಎಂದು ನಾನು ಅತ್ತೆಗೆ ಜೋರು ಮಾಡಿದ್ದು ಅದೇ ಮೊದಲು.

ಐಸಿಯು ಬಾಗಿಲು ಮುಚ್ಚಿತು.

ಅಲ್ಲಿಯ ಡಾಕ್ಟರು ಒಬ್ಬ ಹೆಣ್ಣುಮಗಳು, ನನ್ನ ವಯಸ್ಸಿನವರೇ ಇರಬೇಕು. ಹೊರಗೆ ಬಂದು ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ತಾವೂ ಕೂತರು. ಡಾಕ್ಟರರು ಕೂತು ಮಾತಾಡಿದರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೆ ಅವತ್ತು ಗೊತ್ತಾಯಿತು.

“ಇದು ಟೈಪ್ ಒನ್ ಡಯಾಬಿಟಿಸ್ ರೀ. ಆಕಿ ಮೈಯಾಗ ಇನ್ಸುಲಿನ್ ತಯಾರ ಆಗೂದ ನಿಂತೈತಿ. ಅದಿಲ್ಲಂದ್ರ ಉಂಡದ್ದು ಮೈಗೆ ಹತ್ತೂದಿಲ್ಲ, ಮೂತ್ರದಾಗ ಹೊಂಟ್ ಹೊಕ್ಕೈತಿ. ಅದಕ್ಕ ಮೈ ತನ್ನ ಕೊಬ್ಬು, ತನ್ನ ಮಾಂಸ ತಾನ ಸುಡಾಕ ಹತ್ತೈತಿ. ಕೀಟೋನ್ ತುಂಬಿ ರಕ್ತ ಹುಳಿ ಆಗೇತಿ. ಇನ್ನೊಂದ್ ದಿನ ತಡಾ ಮಾಡಿದ್ರ...”



ಹಾಗಾದರೆ ನಾವು ಪೇಡೆ ಹಂಚಿದ್ದು ಯಾವುದಕ್ಕೆ? ಹುಡುಗಿ ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದ್ದಳು. ಗಿರಣಿಯಲ್ಲಿ ನಿಂತು ನಾವು ಶಾಭಾಷ್ ಎನ್ನುತ್ತಿದ್ದೆವು. ಹಾಲಿನಿಂದ ಬಂತೇ, ಸಕ್ಕರೆಯಿಂದ ಬಂತೇ, ಹಿಂದೆ ಉಪವಾಸ ಮಾಡಿದ್ದರಿಂದಲೇ ಎಂದು ನನ್ನ ಗಂಡ ಕೇಳಿದರು. ಯಾವುದರಿಂದಲೂ ಅಲ್ಲ, ಯಾರಿಂದಲೂ ಅಲ್ಲ ಎಂದರು ಡಾಕ್ಟರು. ಆದರೆ ಕಾಯಿಲೆ ಬಂದ ಮೇಲೆ ಆ ಶರಬತ್ತು, ಕಬ್ಬಿನ ಹಾಲು ಉರಿಯುವ ಬೆಂಕಿಗೆ ಎಣ್ಣೆ ಹೊಯ್ದಂತೆ ಆಯಿತು ಎಂದೂ ಹೇಳಿದರು. ಸುಳ್ಳು ಸಮಾಧಾನ ಮಾಡದ ಡಾಕ್ಟರು. ಆಗ ಸಿಟ್ಟು ಬಂದಿತ್ತು, ಈಗ ಅವರ ಮೇಲೆ ನನಗೆ ಭಾಳ ಗೌರವ.

ಎರಡು ಕೈಗೂ ಸಲೈನ್, ಇನ್ಸುಲಿನ್ನಿನ ಪಂಪು, ಗಂಟೆಗೊಮ್ಮೆ ರಕ್ತ ಪರೀಕ್ಷೆ. ಗಾಜಿನಾಚೆ ಅವಳು ಒಣಹಾಕಿದ ಬಟ್ಟೆಯ ಹಾಗೆ ಕಾಣುತ್ತಿದ್ದಳು. ಆಸ್ಪತ್ರೆಯ ಗಡಿಯಾರ ನೋಡುವುದನ್ನೇ ಬಿಟ್ಟೆ. ನರ್ಸು ಬಾಗಿಲು ತೆರೆದಾಗೊಮ್ಮೆ ಎದ್ದು ನಿಲ್ಲುತ್ತಿದ್ದೆ.

ಕೊನೆಗೆ ಒಂದು ಮಧ್ಯಾಹ್ನ ಒಳಗೆ ಬಿಟ್ಟರು. ದಾನಿ ಕಣ್ಣು ಬಿಟ್ಟಿದ್ದಳು. ನನ್ನನ್ನು ನೋಡಿದಳು. ತುಟಿ ಒಣಗಿ ಸೀಳಿತ್ತು. ಅವ್ವ ಎಲ್ಲಿ ಎನ್ನುತ್ತಾಳೆ, ನನಗೇನಾಗಿದೆ ಎನ್ನುತ್ತಾಳೆ ಎಂದು ಕಾದೆ.

“ವೈನಿ, ತೂಕ ಎಷ್ಟೈತಿ?”

ಏನು ಹೇಳಲಿ! ಅಳು ಬಂತು, ಕಪಾಳಕ್ಕೆ ಒಂದು ಬಿಡಬೇಕೆಂದೂ ಅನ್ನಿಸಿತು.

ಆಸ್ಪತ್ರೆಯಿಂದ ಬಿಟ್ಟು ಕಳಿಸುವಾಗ ಡಾಕ್ಟರು ಇನ್ಸುಲಿನ್ ಚುಚ್ಚುವ ಪೆನ್ನಿನಂಥ ಸೂಜಿ ಕೊಟ್ಟು ಕಲಿಸಿದರು. ಪ್ರತಿ ಊಟಕ್ಕೆ ಮುಂಚೆ ಒಂದು, ಮಲಗುವಾಗ ಇನ್ನೊಂದು. ಜೀವ ಇರುವತನಕ. ಕುಸ್ತಿ ಆಡಬಹುದೇ ಎಂದು ದಾನಿ ಕೇಳಿದಳು. “ಸ್ವಲ್ಪ ದಿನ ತಡೀರಿ. ಆಮ್ಯಾಲೆ ಆಡ್ರಿ. ಯಾಕ ಆಡಬಾರದು? ಆದ್ರ ತೂಕ ಇಳಿಸೂ ಹುಚ್ಚಾಟ ಮುಗೀತು” ಎಂದರು. ದಾನಿ ತಲೆ ಆಡಿಸಿದಳು. ಆ ವರ್ಷದ ಆಯ್ಕೆ ಅವಳಿಲ್ಲದೆ ಆಗಿಹೋಗಿತ್ತು.

ಗಾಡಿ ಉಮದಿಗೆ ತಿರುಗುವ ಮೊದಲೇ ಅತ್ತೆ ತೀರ್ಪು ಕೊಟ್ಟರು. “ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಕಾಮಣಿ ಆಗಿತ್ತು ಅಂತ ಹೇಳ್ರಿ. ಹೆಣ್ಣಹುಡುಗಿ ಐತಿ. ನಾಳೆ ಯಾರ್ ಮಾಡ್ಕೋತಾರ ಇದನ್ನ?”

ಕಾಮಾಲೆಗೆ ಇಲ್ಲಿ ಕಾಮಣಿ ಎನ್ನುತ್ತಾರೆ. ಕಾಮಣಿಯೇ ಆಯಿತು. ವಸ್ತಾದರಿಗೂ ಕಾಮಣಿ ಎಂದೆವು. ಇನ್ಸುಲಿನ್ನು ಫ್ರಿಜ್ಜಿನಲ್ಲಿ ಬದನೆಕಾಯಿಯ ಹಿಂದೆ ಅಡಗಿತು. ದಾನಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಸೂಜಿ ಚುಚ್ಚಿಕೊಳ್ಳಬೇಕು. ಇತ್ತ ಓಣಿಯ ಮಂದಿ, ಹುಡುಗಿ ಸೊರಗಿದ್ದಾಳೆ ಎಂದು ಮೊದಲಿಗಿಂತ ಜೋರಾಗಿ ಹಾಲು ತರತೊಡಗಿದರು, ಕಲ್ಲುಸಕ್ಕರೆ ದುಪ್ಪಟ್ಟು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಅತ್ತೆ ಎಲ್ಲವನ್ನೂ ನಗುನಗುತ್ತ ಇಸಿದುಕೊಂಡು, ಅವಳು ಮಲಗಿದ್ದಾಳೆ, ಎದ್ದ ಮೇಲೆ ಕುಡಿಸುತ್ತೇನೆ ಎಂದು ಕಳಿಸುತ್ತಿದ್ದರು. ಆ ಸಿಹಿ ಹಾಲು ಕುಡಿದು ನನ್ನ ಗಂಡನ ಅಂಗಿಯ ಗುಂಡಿ ಹತ್ತದ ಹಾಗಾಯಿತು.

ನನಗೆ ಮಾತ್ರ ನಗು ಬತ್ತಿತ್ತು. ಶುಗರ್ ಏರಿದರೆ ಒಂದು ಭಯ, ಇಳಿದರೆ ಇನ್ನೊಂದು. ಒಂದು ಸಂಜೆ ಪಾತ್ರೆ ತೊಳೆಯುತ್ತ ನಿಂತ ದಾನಿ ಥರಥರ ನಡುಗಿ, ಬೆವತು, ನನ್ನನ್ನೇ ಗುರುತಿಸದ ಹಾಗೆ ನೋಡಿದಳು. ಬೆಲ್ಲದ ನೀರು ಕುಡಿಸಿದ ಮೇಲೆ ಸರಿಹೋದಳು. ಅಂದಿನಿಂದ ಅವಳು ಬಚ್ಚಲಿಗೆ ಹೋದರೂ ಹೊರಗೆ ನಿಂತು ಏನಾದರೂ ಮಾತಾಡಿಸುತ್ತಿದ್ದೆ. “ಸ್ನಾನಾರ ಮಾಡಾಕ ಬಿಡ್ರಿ ವೈನಿ” ಎಂದು ರೇಗುತ್ತಿದ್ದಳು. ರೇಗಿದರೆ ಜೀವಂತ ಇದ್ದಾಳೆ ಎಂದು ಸಮಾಧಾನವಾಗುತ್ತಿತ್ತು.

ಮೈ ತುಂಬಿಕೊಂಡಿತು. ಕೆನ್ನೆ ಮೂಡಿತು. ನಾನು ದೃಷ್ಟಿ ತೆಗೆದೆ. ಡಾಕ್ಟರು ಒಪ್ಪಿದ ಮೇಲೆ ತಾಲೀಮಿಗೂ ಹೋಗತೊಡಗಿದಳು. ವಸ್ತಾದರಿಗೆ ಏನು ಗೊತ್ತು, ಪಾಪ. “ಐವತ್ತೇಳು ದಾಟೀಯಲ್ಲವಾ! ಕಾಮಣಿ ಬಂದಾಗಿನ ಮೈ ಚಲೋ ಇತ್ತು ನಿನಗ” ಎಂದು ಚೇಷ್ಟೆ ಮಾಡಿದರಂತೆ. ಮನೆಗೆ ಬಂದು ಅವಳೇ ಹೇಳಿ ನಕ್ಕಳು. ನಾನೂ ನಕ್ಕೆ.

ಕೆಲವು ವಾರ ಕಳೆದಿರಬೇಕು. ಮಧ್ಯಾಹ್ನ ಊಟಕ್ಕೆ ಕರೆಯಲು ಗಿರಣಿಗೆ ಹೋದೆ. ಕರೆಂಟ್ ಇರಲಿಲ್ಲ, ನನ್ನ ಗಂಡ ಗಿರಣಿಯ ಯಂತ್ರದ ಪಟ್ಟಿ ತರಲು ಪೇಟೆಗೆ ಹೋಗಿದ್ದರು. ದಾನಿ ಒಬ್ಬಳೇ ಕಾಟಾದ ಮೇಲೆ ನಿಂತಿದ್ದಳು. ನನ್ನನ್ನು ನೋಡಿರಲಿಲ್ಲ. ಮುಖದಲ್ಲಿ ಖುಷಿ.

ಆ ಖುಷಿ ನನಗೆ ಗೊತ್ತಿತ್ತು. ಪೇಡೆ ಹಂಚಿದ ದಿನ ಇದ್ದ ಖುಷಿ ಅದು.

ಹತ್ತಿರ ಹೋಗಿ ಅವಳ ಗಲ್ಲ ಹಿಡಿದು ಬಾಯಿಯ ಹತ್ತಿರ ಮೂಗು ಒಯ್ದೆ. ಕೊಳೆತ ಹಣ್ಣಿನ ವಾಸನೆ. ಇನ್ನೂ ಸಣ್ಣಗೆ, ಆದರೆ ಅದೇ.

“ಸೂಜಿ ತಗೊಂಡಿಲ್ಲ ನೀ.”

“ತಗೊಂಡೀನಿ.”

“ದಾನಿ.”

ಅವಳು ಕೆಳಗೆ ಇಳಿದಳು. ಗೋಡೆಗೆ ಒರಗಿದಳು. “ಪೂರಾ ಬಿಟ್ಟಿಲ್ಲ ವೈನಿ. ಅರ್ಧ ತಗೋತೀನಿ. ಒಮ್ಮೊಮ್ಮೆ ಬಿಡ್ತೀನಿ. ಸೂಜಿ ತಗೊಂಡ್ರ ತೂಕ ಏರ್ತೈತಿ, ಬಿಟ್ರ ಇಳೀತೈತಿ. ಬಿಸಲಾಗ ಓಡೂದು ಬ್ಯಾಡ, ಉಪಾಸ ಬ್ಯಾಡ. ಎಷ್ಟ್ ಹಗೂರ ಐತಿ ಗೊತ್ತೇನ್ರಿ? ಮುಂದಿನ ಆಯ್ಕೆ ತನಕ ಅಷ್ಟ. ಆಮ್ಯಾಲೆ ಬರೋಬ್ಬರಿ ತಗೋತೀನಿ.”

ಕಾಯಿಲೆಯನ್ನೇ ಅವಳು ಖುರಾಕು ಮಾಡಿಕೊಂಡಿದ್ದಳು.

ಐಸಿಯು ಬಾಗಿಲಲ್ಲಿ ಕೂತಾಗಲೂ ನಾನು ಅಷ್ಟು ಹೆದರಿರಲಿಲ್ಲ. ಆಗ ಕಾಯಿಲೆ ಒಂದು ಕಡೆ, ನಾವೆಲ್ಲ ಒಂದು ಕಡೆ. ಈಗ ಅವಳೇ ಆ ಕಡೆ ಹೋಗಿ ನಿಂತಿದ್ದಳು. ಎಷ್ಟು ಕಾಯಲಿ? ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರೂ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಅವಳು ಪೆನ್ನನ್ನು ಎಷ್ಟಕ್ಕೆ ತಿರುಗಿಸಿದಳು ಎಂದು ಯಾರು ನೋಡುತ್ತಾರೆ? ಆ ಬಾಗಿಲು ಮುಚ್ಚಲು ಹೇಳಿದವರೂ ನಾವೇ.

ಬೈದೆ. ಎಷ್ಟು ಬೈದೆನೆಂದರೆ ಪಕ್ಕದ ಮನೆಯ ಕೋಳಿಗಳೂ ಓಡಿಹೋದವು. ಆಮೇಲೆ ಅಲ್ಲೇ ಹಿಟ್ಟಿನ ನೆಲದ ಮೇಲೆ ಕೂತು ಅತ್ತುಬಿಟ್ಟೆ. “ನನಗ ನಿನ್ನ ಪದಕ ಬ್ಯಾಡವ್ವಾ. ನೀ ಬೇಕು” ಎಂದೆ. ಅವತ್ತೇ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆವು. ಇನ್ನೂ ಕೈ ಮೀರಿರಲಿಲ್ಲ, ಆಸ್ಪತ್ರೆಯಲ್ಲಿ ಇಟ್ಟುಕೊಳ್ಳದೆ ಸರಿಮಾಡಿದರು.

ಆ ಡಾಕ್ಟರು ಬೈಯಲಿಲ್ಲ. ನನ್ನನ್ನು ಸುಮ್ಮನೆ ಕೂರಿಸಿ ದಾನಿಯ ಜೊತೆಯೇ ಮಾತಾಡಿದರು. “ನೀವೊಬ್ರ ಅಲ್ಲವಾ ಹಿಂಗ ಮಾಡಿದವ್ರು. ತೂಕದ ಅಂಜಿಕಿ ಇದ್ದ ಭಾಳ ಹುಡುಗ್ಯಾರು ಮಾಡ್ತಾರ. ಮೊದಲ ಕಣ್ಣು ಹೊಕ್ಕಾವು, ಕಿಡ್ನಿ ಹೊಕ್ಕಾವು. ಅದಕ್ಕೂ ಮೊದಲ ಜೀವಾನ ಹೋಗಬಹುದು. ಈಗ ಏರಿದ ತೂಕ ನಿಮ್ಮದ ರೀ, ಕಳಕೊಂಡಿದ್ದು ತಿರುಗಿ ಬಂದೈತಿ. ಐವತ್ತೇಳರಾಗ ಆಡಿದ್ರ ಏನಾಗ್ತೈತಿ?”

“ಅಲ್ಲಿ ಹುಡುಗ್ಯಾರು ಭಾಳ ಗಟ್ಟಿ ಇರ್ತಾರ್ರಿ” ಎಂದಳು ದಾನಿ. ಧ್ವನಿ ಸಣ್ಣದಾಗಿತ್ತು. “ಸೋಲ್ತೀನಿ.”

ಅವಳಿಗೂ ಭಯ ಇತ್ತು ಎನ್ನುವುದೇ ನನಗೆ ಹೊಳೆದಿರಲಿಲ್ಲ. ಮದುವೆಯಾಗಿ ಬಂದಂದಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಿಯೇ ಇರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಅದಾದ ಮೇಲೆ ಏನೂ ದೊಡ್ಡದು ಆಗಲಿಲ್ಲ. ಅಡುಗೆಮನೆಯ ಬಾಗಿಲು ತೆರೆದಿಟ್ಟೆ. ಅತ್ತೆ ಮುಖ ಗಂಟು ಹಾಕಿಕೊಂಡರು. ದಾನಿ ಸೂಜಿ ತೆಗೆದುಕೊಳ್ಳುತ್ತಿದ್ದಳು, ನಾನು ರೊಟ್ಟಿ ಬಡಿಯುತ್ತ ನೋಡಿಯೂ ನೋಡದ ಹಾಗೆ ಇರುತ್ತಿದ್ದೆ. ಅವಳು ನನಗೋಸ್ಕರ ತೆಗೆದುಕೊಳ್ಳುತ್ತಿದ್ದಾಳೆ, ತನಗೋಸ್ಕರ ಅಲ್ಲ ಎಂದು ಒಳಗೊಳಗೇ ಗೊತ್ತಿತ್ತು. ನಾನು ತವರಿಗೆ ಹೋದ ದಿನ ಏನು ಮಾಡುತ್ತಾಳೆ? ಆಯ್ಕೆಗೆ ಬೇರೆ ಊರಿಗೆ ಹೋದರೆ? ಇಂಡಿಯಿಂದ ಅಣ್ಣ ಕರೆಯಲು ಬಂದರೂ ನಾನು ಹೋಗಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಅವಳು ಊಟದ ಡಬ್ಬಿ ಬಿಟ್ಟು ತಾಲೀಮಿಗೆ ಹೋಗಿದ್ದಳು. ಮರೆತದ್ದೋ, ತೂಕ ಇಳಿಸಲು ಬೇಕೆಂದೇ ಬಿಟ್ಟದ್ದೋ ಎಂದು, ಕಂಡ ಕೂಡಲೇ ಓಡಿ ತಾಲೀಮಿನ ಬಾಗಿಲಿಗೆ ಬಂದೆ. ಅಭ್ಯಾಸ ಮುಗಿದಿತ್ತು. ಹುಡುಗಿಯರೆಲ್ಲ ಗೋಡೆಯ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು, ಹಾಲಿನ ತಂಬಿಗೆ ಹಿಡಿದ ಓಣಿಯ ಹೆಂಗಸರಿಬ್ಬರು ನಿಂತಿದ್ದರು. ದಾನಿ ಗೆಳತಿಯೊಬ್ಬಳ ಬುತ್ತಿಯಿಂದ ತನ್ನ ಪಾಲಿನ ರೊಟ್ಟಿ ಎತ್ತಿಟ್ಟುಕೊಂಡು, ಬೆರಳು ಚುಚ್ಚಿ ಮೀಟರ್ ನೋಡಿದಳು. ಚೀಲದಿಂದ ಪೆನ್ನು ತೆಗೆದಳು. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅಂಗಿಯ ಅಂಚು ಎತ್ತಿ ಹೊಟ್ಟೆಗೆ ಚುಚ್ಚಿಕೊಂಡಳು.

“ಏನವಾ ಅದು?” ಎಂದರು ವಸ್ತಾದರು.

“ಇನ್ಸುಲಿನ್ ರೀ. ಶುಗರ್ ಐತಿ ನನಗ. ಕಾಮಣಿ ಅಂದದ್ದು ಸುಳ್ಳರಿ.” ಸೂಜಿ ಹೊರಗೆ ತೆಗೆದಳು. “ಮತ್ತ ನನ್ನ ಹೆಸರು ಐವತ್ತೇಳರಾಗ ಬರೀರಿ. ಸೋತ್ರ ಸೋಲ್ತೀನಿ.”

ಹಾಲಿನ ಹೆಂಗಸೊಬ್ಬಳು “ಹಂಗಾರ ಕಲ್ಲಸಕ್ರಿ ಬ್ಯಾಡೇನವಾ?” ಎಂದಳು. “ಹಾಲು ಸಾಕ್ರಿ ಕಾಕಿ” ಎಂದಳು ದಾನಿ. ಸಾಯಂಕಾಲದೊಳಗೆ ಊರಿಗೆಲ್ಲ ಗೊತ್ತಾಯಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಇನ್ನೂ ಮಾತು ಸರಿಯಾಗಿಲ್ಲ. ನಾಳೆ ವರ ಸಿಗುತ್ತಾನೋ ಇಲ್ಲವೋ, ಐವತ್ತೇಳರಲ್ಲಿ ಗೆಲ್ಲುತ್ತಾಳೋ ಇಲ್ಲವೋ, ಕಣ್ಣು ಕಿಡ್ನಿ ಎಷ್ಟು ವರ್ಷ ಚೆನ್ನಾಗಿರುತ್ತವೋ ನನಗೆ ಗೊತ್ತಿಲ್ಲ. ಮುಂಜಾನೆ ಅವಳು ತಡವಾಗಿ ಎದ್ದರೆ ಇವತ್ತಿಗೂ ಹೋಗಿ ಉಸಿರು ನೋಡುತ್ತೇನೆ.

ಆದರೆ ಅವತ್ತು ತಾಲೀಮಿನ ಬಾಗಿಲಲ್ಲಿ ನಾನು ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ಯಾರೂ ಕಾಯುತ್ತಿರಲಿಲ್ಲ, ಆದರೂ ತೆಗೆದುಕೊಂಡಳು. ನಾನು ಸದ್ದು ಮಾಡದೆ ಹಿಂತಿರುಗಿದೆ. ಮನೆಗೆ ಬಂದು ಚೀಲದಲ್ಲಿ ಎರಡು ಸೀರೆ ಇಟ್ಟುಕೊಂಡೆ, ಅಣ್ಣನಿಗೆ ಫೋನ್ ಮಾಡಿ ನಾಳೆ ಇಂಡಿಗೆ ಬರುತ್ತೇನೆ ಎಂದೆ.